ಅವ್ವ ಹೋದ ಊರು

ಮೊಳಕಾಲ್ಮುರಿಗೆ ಬಂದು ಇನ್ನೂ ಎಂಟು ದಿನ ಆಗಿರಲಿಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯ ಹೆಂಗಸು ನೇರ ಒಳಗೆ ಬಂದಳು. ನನ್ನನ್ನು ಒಂದು ಮಾತೂ ಕೇಳದೆ ನನ್ನ ಮಗಳ ಸೊಂಟಕ್ಕೆ ಕಟ್ಟಿದ್ದ ಹಳೆಯ ಸೀರೆಯ ಹಗ್ಗ ಬಿಚ್ಚಿದಳು. ನಾನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಕೈಯಲ್ಲಿ ಲಾಳಿ ಹಿಡಿದು ಬಾಯಿ ತೆರೆದು ನೋಡುತ್ತ ಕೂತೆ. "ಕಟ್ಟೊದ್ದು ನಾಯನಾ" ಅಂದಳು. ತೆಲುಗಿನಲ್ಲಿ ಕಟ್ಟಬೇಡಪ್ಪಾ ಎಂದು ಅರ್ಥ. ಅಷ್ಟು ಹೇಳಿ ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಬೀದಿಯಲ್ಲಿ ಹೊರಟೇಬಿಟ್ಟಳು. ನಾನು ಗುಂಡಿಯಿಂದ ಎದ್ದು ಬರುವಷ್ಟರಲ್ಲಿ ಮೂಲೆ ತಿರುಗಿದ್ದಳು.

ಇಳಕಲ್ಲಿನ ನನ್ನ ಜನರೇ, ನೀವೇ ಹೇಳಿ. ನಮ್ಮಲ್ಲಿ ಯಾವ ನೇಕಾರನ ಕೂಸು ಕಂಬಕ್ಕೆ ಕಟ್ಟಿಸಿಕೊಳ್ಳದೆ ಬೆಳೆದಿದೆ? ನನ್ನನ್ನು ಕಟ್ಟಿದ್ದರು, ನಮ್ಮಪ್ಪನನ್ನೂ ಕಟ್ಟಿದ್ದರಂತೆ. ಕಟ್ಟದಿದ್ದರೆ ಕೂಸು ಗುಂಡಿಗೆ ಬೀಳುತ್ತದೆ, ಇಲ್ಲವೇ ಮಗ್ಗಕ್ಕೆ ಹಾಸಿದ ನೂಲಿಗೆ ಕೈ ಹಾಕಿ ಹರಿಯುತ್ತದೆ. ಅದಕ್ಕೆ ಪರವೂರಿನವಳೊಬ್ಬಳು ಬಂದು ಬುದ್ಧಿ ಹೇಳುವುದೆಂದರೆ ಏನು? ಸಿಟ್ಟಿನಲ್ಲಿ ಅವಳ ಹಿಂದೆ ಓಡಿದೆ.

ನಮ್ಮ ನೇಕಾರರ ಪತ್ರಿಕೆಯವರು ನನಗೆ ಬರೆಯಲು ಹೇಳಿದ್ದು ಇಲ್ಲಿಯ ಮಗ್ಗದ ವಿಷಯ, ರೇಷ್ಮೆಯ ವಿಷಯ. ಅದನ್ನೂ ಹೇಳುತ್ತೇನೆ. ಆದರೆ ನಾನು ಈ ಊರನ್ನು ಕಂಡದ್ದು ಮಗ್ಗದ ಕಡೆಯಿಂದಲ್ಲ, ಕೂಸಿನ ಕಡೆಯಿಂದ. ಕಂಡಂತೆಯೇ ಬರೆಯಬೇಕಲ್ಲ.

ನನ್ನ ಹೆಂಡತಿ ಗೌರವ್ವ ಹೋದದ್ದು ನಿಮಗೆ ಗೊತ್ತು. ಪ್ಲೇಗಿಗೆ ಹೆದರಿ ಊರೆಲ್ಲ ಹೊಲದ ಗುಡಿಸಲುಗಳಲ್ಲಿ ಇದ್ದ ಕಾಲ. ಆಕೆಯ ಕಂಕುಳಲ್ಲಿ ಗಡ್ಡೆ ಎದ್ದ ದಿನವೇ ಕೂಸನ್ನು ಬೇರೆ ಮಾಡಿದೆವು. ಆಮೇಲೆ ಹೆಣ ಎತ್ತುವ ಹೊತ್ತಿಗೆ ಯಾರೋ ನನ್ನ ಮಗಳು ನೀಲವ್ವನನ್ನು ಎತ್ತಿಕೊಂಡು ಆಡುಮರಿ ತೋರಿಸುತ್ತೇವೆಂದು ಬದುವಿನ ಆಚೆ ಹೋದರು. ಸಂಜೆ ಅವ್ವ ಎಲ್ಲಿ ಎಂದು ಕೇಳಿದಳು. ಊರಿಗೆ ಹೋಗ್ಯಾಳ ಅಂದೆವು. ಮರುದಿನವೂ ಕೇಳಿದಳು, ಅದೇ ಉತ್ತರ. ಬರುಬರುತ್ತ ಕೇಳುವುದನ್ನು ಬಿಟ್ಟಳು. ಆಮೇಲೆ ಮಾತನ್ನೇ ಬಿಟ್ಟಳು. ಇಡೀ ಓಣಿಯ ತಲೆ ತಿನ್ನುತ್ತಿದ್ದ ಎರಡೂವರೆ ವರ್ಷದ ಹುಡುಗಿ ಅಳುವುದನ್ನೂ ಮರೆತು ಬಾಗಿಲಿಗೆ ಮುಖ ಮಾಡಿ ಕೂತಿರುತ್ತಿದ್ದಳು. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ ಅಂತಾರೆ. ಇವಳಿಗೆ ತಾಯಿಯೂ ಇಲ್ಲ, ಅಳುವೂ ಇಲ್ಲ.

ಆ ಮನೆಯಲ್ಲಿ ನನಗೆ ಕೂರಲಾಗಲಿಲ್ಲ. ಇಲ್ಲಿ ರೇಷ್ಮೆ ಮಗ್ಗ ಖಾಲಿ ಇದೆ ಎಂದು ಸುದ್ದಿ ಬಂದಾಗ ಹೊರಟು ನಿಂತೆ. ಕೂಸನ್ನು ಬಿಟ್ಟು ಹೋಗು ಎಂದು ನಮ್ಮತ್ತೆ ಬಸವ್ವ, ಗೌರವ್ವನ ತಾಯಿ, ಹಟ ಹಿಡಿದಳು. ನಾನು ಒಪ್ಪಲಿಲ್ಲ. ಕೂಸೂ ಇಲ್ಲದಿದ್ದರೆ ನಾನು ಗುಂಡಿಯಿಂದ ಮೇಲೆ ಏಳುವುದಾದರೂ ಯಾಕೆ? ಕೊನೆಗೆ ಹಿರಿಯರ ಮುಂದೆ ಒಂದು ಮಾತಾಯಿತು. "ದೀಪಾವಳಿ ಹೊತ್ತಿಗೆ ನಾ ಬಂದು ನೋಡ್ತೀನಿ. ಕೂಸು ಹಿಂಗ ಮೂಕಾಗಿ ಕುಂತಿದ್ರ ಕರಕೊಂಡು ಬರ್ತೀನಿ. ಆಗ ಅಡ್ಡ ಬರಬ್ಯಾಡ" ಅಂದಳು. ಆಗಲಿ ಅಂದೆ. ಎಲ್ಲರೂ ಕೇಳಿಸಿಕೊಂಡರು.

ಚಕ್ಕಡಿಯಲ್ಲಿ ಹೊಸಪೇಟೆ, ಅಲ್ಲಿಂದ ರೈಲಿನಲ್ಲಿ ಬಳ್ಳಾರಿ, ರಾಯದುರ್ಗ, ಮತ್ತೆ ಚಕ್ಕಡಿ. ನಮ್ಮ ಕಡೆ ಕರಿ ಮಣ್ಣು ಕಣ್ಣು ಹಾಯುವವರೆಗೂ ಚಪ್ಪಟೆ ಬಿದ್ದಿರುತ್ತದೆ. ಇಲ್ಲಿ ಎತ್ತ ತಿರುಗಿದರೂ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟ ಗುಡ್ಡಗಳು. ಗುಡ್ಡದ ಮೈಗೆ ಸೀತಾಫಲದ ಗಿಡ, ಸಂಜೆಯಾದರೆ ಕರಡಿಯ ಭಯ. ನಮ್ಮ ಖಡಕ್ ರೊಟ್ಟಿಯ ಹೆಸರೂ ಇಲ್ಲ. ರಾಗಿ ಮುದ್ದೆ ಮಾಡುತ್ತಾರೆ. ಅದನ್ನು ಅಗಿಯಬಾರದಂತೆ, ಸಾರಿನಲ್ಲಿ ಅದ್ದಿ ನುಂಗಬೇಕಂತೆ. ಮೊದಲ ದಿನ ಅಗಿದು ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡು ಕೂತಿದ್ದಾಗ ನೇಕಾರರ ಬೀದಿಯೇ ಬಂದು ನೋಡಿ ನಕ್ಕಿತು. ಮಾತು ಬೇರೆ. ಮನೆಯೊಳಗೆ ಎಲ್ಲರದೂ ತೆಲುಗು. ನನ್ನ ಹತ್ತಿರ ಬಂದಾಗ ಕನ್ನಡಕ್ಕೆ ಹೊರಳುತ್ತಾರೆ, ಎರಡು ಮಾತಾಡಿ ಮತ್ತೆ ತೆಲುಗಿಗೆ ಜಾರುತ್ತಾರೆ. ನಮ್ಮಲ್ಲಿ ಹತ್ತಿಯ ಮೈಗೆ ರೇಷ್ಮೆಯ ಸೆರಗು. ಇಲ್ಲಿ ಮೈಯೂ ರೇಷ್ಮೆ, ಸೆರಗೂ ರೇಷ್ಮೆ, ಅಂಚಿಗೆ ಜರಿ. ಎಳೆ ಎಷ್ಟು ಸಣ್ಣದೆಂದರೆ ನನ್ನ ಬೆರಳ ಬಿರುಕಿಗೇ ಸಿಕ್ಕಿ ಹರಿಯುತ್ತಿತ್ತು. ಇಪ್ಪತ್ತು ವರ್ಷ ಲಾಳಿ ಹೊಡೆದ ನಾನು ಕಲಿಯುವ ಹುಡುಗನಂತೆ ರಾತ್ರಿ ಕೈಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದೆ.

ಇನ್ನು ಆ ಹೆಂಗಸಿನ ಕಥೆಗೆ ಬರುತ್ತೇನೆ. ಅವಳ ಹೆಸರು ನಾರಾಯಣಮ್ಮ. ನಾನು ಬಾಡಿಗೆಗಿದ್ದ ಮನೆಯೂ ಅವಳ ಗಂಡನದೇ. ಅವಳ ಹಿಂದೆ ಓಡಿಹೋಗಿ ನೋಡಿದರೆ ಬೀದಿಯ ಕೊನೆಯ ಮಾಳಿಗೆ ಮನೆಯ ಪಡಸಾಲೆಯಲ್ಲಿ ಮಕ್ಕಳೇ ಮಕ್ಕಳು. ಅಂಬೆಗಾಲಿಡುವವು, ತಪ್ಪುಹೆಜ್ಜೆ ಇಡುವವು, ಹಾಡುವವು, ಗುದ್ದಾಡುವವು. ನಡುವೆ ಒಬ್ಬಳೇ ಹೆಂಗಸು. ಒಂದಕ್ಕೂ ಹಗ್ಗವಿಲ್ಲ.

ಅದಕ್ಕೆ ಮಕ್ಕಳ ಮನೆ ಅನ್ನುತ್ತಾರೆ. ಹಿಂದೆ ಈ ಬೀದಿಯವರೂ ನಮ್ಮ ಹಾಗೆಯೇ ಕಟ್ಟುತ್ತಿದ್ದರಂತೆ. ಒಂದು ಮನೆಯಲ್ಲಿ ರೇಷ್ಮೆಯ ಬಂಕ, ಅಂದರೆ ಅಂಟು, ಬಿಡಿಸಲು ಕುದಿಯಲಿಟ್ಟ ಸೋಪಿನ ನೀರು ಉರುಳಿತು. ಕಟ್ಟಿದ್ದ ಕೂಸಿಗೆ ಓಡಲಾಗಲಿಲ್ಲ. ಆ ಕೂಸು ಉಳಿಯಲಿಲ್ಲ. ಆಮೇಲೆ ಬೀದಿಯ ತಾಯಂದಿರು ಸೇರಿ ಈ ಏರ್ಪಾಟು ಮಾಡಿದರು. ದಿನಕ್ಕೊಬ್ಬರು ತಮ್ಮ ಮನೆಯ ಕೆಲಸ ಬಿಟ್ಟು ಎಲ್ಲರ ಮಕ್ಕಳನ್ನೂ ನೋಡಿಕೊಳ್ಳಬೇಕು. ಸಂಬಳವಿಲ್ಲ, ಸಾಹುಕಾರನಿಲ್ಲ. ಪಾಳಿಯಷ್ಟೇ. ಪಾಳಿಯ ದಿನ ತನ್ನ ಕೂಸು, ಪರರ ಕೂಸು ಎಂದು ಭೇದ ಮಾಡುವ ಹಾಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಆ ಹೊಸ್ತಿಲಿನ ಹೊರಗೇ ಉಳಿಯಬೇಕು.

ಇನ್ನೊಂದು ಕಟ್ಟಳೆ ಕೇಳಿದರೆ ನೀವು ನಗುತ್ತೀರಿ, ನಾನೂ ನಕ್ಕಿದ್ದೆ. ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಮಗ್ಗಕ್ಕೆ ಬಿಡುವು. ಆ ದಿನ ಮಕ್ಕಳನ್ನು ಬಿಡುವ ಪ್ರತಿ ಮನೆಯಿಂದ ಒಬ್ಬ ದೊಡ್ಡವರು ಬಂದು ಪಾಠ ಕೇಳಬೇಕು. ಏನು ಪಾಠ? ಮಕ್ಕಳನ್ನು ಸಾಕುವ ಪಾಠ. ಹೆತ್ತು ಹೊತ್ತವರಿಗೆ ಸಾಕುವುದನ್ನು ಕಲಿಸುವ ಶಾಲೆ ನಮ್ಮ ಅಜ್ಜಿಯರಿಗೆ ಗೊತ್ತಾದರೆ ಸೌಟು ಹಿಡಿದು ಬಂದಾರು.

ಪಾಠ ಹೇಳುವವರು ಚಳ್ಳಕೆರೆಯ ಕಾಳಿನ ವ್ಯಾಪಾರಸ್ಥರ ಮನೆಯ ಮಗಳು ಶಿವಗಂಗಮ್ಮ. ಚಿಕ್ಕ ವಯಸ್ಸಿಗೆ ಗಂಡ ಹೋದ ಮೇಲೆ ಮೈಸೂರಿಗೆ ಹೋಗಿ ಉಪಾಧ್ಯಾಯಿನಿಯ ತರಬೇತಿ ಪಡೆದು ಬಂದವರು. ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ. ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಹೇಳುತ್ತಾರೆ. ದನಿ ಎತ್ತರಿಸುವುದಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಬರುವ ತನಕ ಬಿಡುವುದೂ ಇಲ್ಲ.

ನೀಲವ್ವನನ್ನು ಅಲ್ಲಿ ಬಿಡಲು ಒಪ್ಪಿಕೊಂಡ ಮೇಲೆ ನನಗೊಂದು ಪೇಚು. ನನ್ನ ಮನೆಯಲ್ಲಿ ದೊಡ್ಡವರು ಅಂದರೆ ನಾನೊಬ್ಬನೇ. ಹೆಂಗಸರ ನಡುವೆ ಗಂಡಸು ಹೇಗೆ ಕೂರುವುದು? ಹಿರಿಯರು ಯೋಚಿಸಿದರು, ಗೊಣಗಿದರು. ಕೊನೆಗೆ ಶಿವಗಂಗಮ್ಮನವರೇ, "ಜಗಲಿ ಮ್ಯಾಲೆ ಕೂತ್ಕೊಳ್ರಿ. ಕಿಟಕಿ ಐತೆ, ಕೇಳ್ತದೆ" ಅಂದರು. ಹಾಗೆ ಕಿಟಕಿಯ ಹೊರಗೆ, ಬೀದಿಯ ಬಿಸಿಲಿನಲ್ಲಿ ಕೂತು ನಾನು ತಾಯ್ತನ ಕಲಿತೆ. ಒಳಗಿನವರು ನನಗೆ ಮೀಸಾಲ ಅಮ್ಮ ಎಂದು ಹೆಸರಿಟ್ಟರು. ಮೀಸೆಯ ಅಮ್ಮ. ಸಂತೆಯಲ್ಲಿಯೂ ಅದೇ ಹೆಸರಿನಿಂದ ಕರೆಯುವವರಾದರು. ಇಳಕಲ್ಲಿನಲ್ಲಿ ಯಾರಾದರೂ ಹಾಗೆ ಕರೆದಿದ್ದರೆ ಜಗಳ ಆಗುತ್ತಿತ್ತು. ಇಲ್ಲಿ ಜಗಳವಾಡಲು ಬೇಕಾದಷ್ಟು ತೆಲುಗು ನನಗೆ ಬರುತ್ತಿರಲಿಲ್ಲ.

ನನ್ನ ಮೊದಲ ಪಾಳಿ ಬಂತು. ಒಂದು ಕೂಸು ಹೆಗಲ ಮೇಲೆ ಉಚ್ಚೆ ಹೊಯ್ಯಿತು, ಇನ್ನೊಂದು ಮೀಸೆ ಹಿಡಿದು ಜಗ್ಗಿತು. ಕಂಡಿಕೆ ಸುತ್ತುವ ರಾಟೆ ತಂದು ತಿರುಗಿಸಿ ತೋರಿಸಿದೆ, ಎಲ್ಲ ಸುತ್ತ ಸೇರಿ ಕೇಕೆ ಹಾಕಿದವು. ನೀಲವ್ವ ಮಾತ್ರ ಬಾಗಿಲ ಬಳಿ ಕೂತಿದ್ದಳು. ಪಾಳಿಯ ದಿನ ನನ್ನ ಕೂಸನ್ನು ಹೆಚ್ಚಿಗೆ ಎತ್ತಬಾರದೆಂಬ ಕಟ್ಟಳೆಯನ್ನು ಹೇಗೆ ಪಾಲಿಸಲಿ ಎಂದು ಬೆಳಿಗ್ಗೆಯಿಂದ ಹೆದರಿದ್ದೆ. ಹೆದರಿಕೆ ದಂಡವಾಯಿತು. ನಾನು ಊರ ಮಕ್ಕಳನ್ನೆಲ್ಲ ಎತ್ತಿ ಕುಣಿಸಿದರೂ ಅವಳು ನನ್ನ ಕಡೆ ಕೈ ಚಾಚಲಿಲ್ಲ. ಎತ್ತಿಕೋ ಎಂದು ಕೇಳಲಿಲ್ಲ, ಹೊಟ್ಟೆಕಿಚ್ಚೂ ಪಡಲಿಲ್ಲ. ಅಂದು ಸಂಜೆ ಅವಳಿಗೆ ಅನ್ನ ಕಲಸುತ್ತ, ಇವಳನ್ನು ನಾನು ಕಳೆದುಕೊಂಡಾಗಿದೆ, ಇನ್ನು ಅತ್ತೆ ಬಂದು ಕರೆದುಕೊಂಡು ಹೋಗುವುದಷ್ಟೇ ಬಾಕಿ ಅನ್ನಿಸಿತು.

ಅದಾದ ಮೇಲಿನ ಅಮಾವಾಸ್ಯೆಯ ಪಾಠದಲ್ಲಿ ಶಿವಗಂಗಮ್ಮನವರು ಕೇಳಿದರು: "ಮಗೂನ ಬಿಟ್ಟು ಹೊರಗೆ ಹೋಗುವಾಗ ನೀವೆಲ್ಲ ಹೆಂಗೆ ಹೋಗ್ತೀರಿ? ನಿಜ ಹೇಳ್ರಿ."

ಒಳಗೆ ನಗು. ಒಬ್ಬಳು ಕಾಗೆ ತೋರಿಸಿ ಹೋಗುತ್ತಾಳೆ, ಒಬ್ಬಳು ಬೆಲ್ಲ ಕೊಟ್ಟು ಹೋಗುತ್ತಾಳೆ, ಒಬ್ಬಳು ಹಿತ್ತಲ ಬಾಗಿಲಿನಿಂದ ಹೋಗುತ್ತಾಳೆ. ಎಲ್ಲರೂ ಕಣ್ಣು ತಪ್ಪಿಸಿಯೇ ಹೋಗುವವರು.

"ಕಣ್ಣು ತಪ್ಪಿಸಿ ಹೋದ್ರೆ ಅದಕ್ಕೆ ನೀವು ಹೋಗಿದ್ದು ಗೊತ್ತಾಗಲ್ಲ, ಬರ್ತೀರೋ ಇಲ್ಲೋ ಅದೂ ಗೊತ್ತಾಗಲ್ಲ" ಅಂದರು ಅವರು. "ಅಳಲಿ. ಹೇಳಿ ಹೋಗ್ರಿ. ಎಲ್ಲಿಗೆ, ಯಾವಾಗ ಬರ್ತೀನಿ, ಹೇಳ್ರಿ. ಹೇಳಿದ ಹೊತ್ತಿಗೆ ಬರ್ರಿ. ಅಷ್ಟೇ ಇವತ್ತಿನ ಪಾಠ."

ಆಮೇಲೆ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸಂಗಪ್ಪನೋರೇ, ಈ ಮಗೂನ ತಾಯಿ ಹೋದಾಗ ಅದಕ್ಕೆ ಏನು ಹೇಳಿದ್ರಿ?"

"ಊರಿಗೆ ಹೋಗ್ಯಾಳ ಅಂದ್ವಿರಿ."

"ಯಾವೂರಿಗೆ?"

ಅವರೇ ಮುಂದುವರಿಸಿದರು. "ಬಾಗ್ಲು ನೋಡ್ತಾ ಕೂತೈತಲ್ಲ, ತಾಯಿ ಬರೋ ದಾರಿ ನೋಡ್ತೈತೆ. ಒಂದಿನ ಹೇಳಬೇಕಾಗ್ತದೆ ನೋಡ್ರಿ" ಅಂದರು. ನನಗೆ ಮೈಯೆಲ್ಲ ಉರಿಯಿತು. ಹಾಲು ಹಲ್ಲಿನ ಕೂಸಿಗೆ ಸಾವಿನ ಸುದ್ದಿ ಹೇಳಬೇಕೇ? ಇದು ಮೈಸೂರಿನ ಓದಿನ ಅಹಂಕಾರ, ಹೆರದವಳಿಗೆ ಏನು ಗೊತ್ತು ಎಂದು ಮನಸ್ಸಿನಲ್ಲೇ ಬೈದು ಜಗಲಿಯಿಂದ ಎದ್ದು ಬಂದೆ. ಅದನ್ನು ಮಾತ್ರ ಮಾಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಆದರೆ ಹೇಳಿ ಹೋಗುವ ಪಾಠವೇನೋ ಕಷ್ಟದ್ದಲ್ಲ ಅನ್ನಿಸಿತು. ಮರುದಿನದಿಂದ ನೀರಿಗೆ ಹೋಗುವಾಗ, ಅಂಗಡಿಗೆ ಹೋಗುವಾಗ ನೀಲವ್ವನ ಎದುರು ಕುಕ್ಕರಗಾಲಲ್ಲಿ ಕೂತು, "ನೀರಿಗೆ ಹೋಗ್ತೀನವ್ವಾ, ಬರ್ತೀನಿ" ಎಂದು ಹೇಳಿ ಹೋಗತೊಡಗಿದೆ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಗೋಡೆಗೆ ಹೇಳಿದ ಹಾಗೆ.

ಮಳೆಗಾಲದ ಕೊನೆಯಲ್ಲಿ ನೇಯ್ದ ಸೀರೆಗಳನ್ನು ಮುಟ್ಟಿಸಲು ನಾರಾಯಣಮ್ಮನ ಗಂಡನ ಜೊತೆ ಚಳ್ಳಕೆರೆಗೆ ಹೋಗಬೇಕಾಯಿತು. ಮೊದಲ ಸಲ ಕೂಸನ್ನು ಒಂದು ರಾತ್ರಿ ಬಿಟ್ಟಿರುವುದು. ನಾರಾಯಣಮ್ಮನ ಹೊಸ್ತಿಲಲ್ಲಿ ಕೂರಿಸಿ, "ಚಳ್ಳಕೆರಿಗೆ ಹೋಗ್ತೀನಿ. ನಾಳೆ ದೀಪ ಹಚ್ಚೂ ಹೊತ್ತಿಗೆ ಬರ್ತೀನಿ" ಅಂದೆ.

ಚಳ್ಳಕೆರೆ ದೊಡ್ಡ ಪೇಟೆ. ಕಾಳಿನ ಮೂಟೆ, ಕಂಬಳಿಯ ರಾಶಿ, ಕುರಿಯ ವ್ಯಾಪಾರಿಗಳು. ಒಂದು ಅಂಗಡಿಯಲ್ಲಿ ಕನ್ನಡ, ಪಕ್ಕದಲ್ಲಿ ತೆಲುಗು, ಎದುರಿಗೆ ಉರ್ದು. ನಮ್ಮ ಇಳಕಲ್ ಸಂತೆಯ ನೆನಪಾಯಿತು. ನಿಂತು ನೋಡಲು ಮನಸ್ಸಾಗಲಿಲ್ಲ. ಮರುದಿನ ಕೋಳಿ ಕೂಗುವ ಮೊದಲೇ ಚಕ್ಕಡಿ ಹೂಡಿಸಿದೆ. ನಮ್ಮ ಹಣೆಬರಹ, ತಳಕು ಎಂಬ ಊರಿನ ಹತ್ತಿರ ಒಂದು ಎತ್ತು ಕುಂಟತೊಡಗಿತು. ಇಲ್ಲಿಯೇ ಉಳಿದು ಬೆಳಿಗ್ಗೆ ಹೋಗೋಣ ಅಂದ ನಾರಾಯಣಮ್ಮನ ಗಂಡ. ನಾನು ಇಳಿದು ನಡೆದೆ. ನಡೆದೆ ಅನ್ನುವುದಕ್ಕಿಂತ ಓಡಿದೆ. ನಡುವೆ ಕಂಬಳಿ ಮಾರುವವನೊಬ್ಬನ ಗಾಡಿ ಸಿಕ್ಕಿತು, ಅವನ ಕಾಲಿಗೆ ಬಿದ್ದು ಹತ್ತಿದೆ. ಅವನು ತನ್ನ ಊರಿಗೆ ತಿರುಗಿಕೊಂಡಾಗ ಮತ್ತೆ ಓಡಿದೆ. ಹೊತ್ತು ಮುಳುಗುತ್ತಿರುವುದನ್ನು ನೋಡಿ ದಾರಿಯಲ್ಲಿ ಒಬ್ಬನೇ ಗೋಗರೆದೆ. ಹೆಂಡತಿಯ ಹೆಣದ ಮುಂದೆಯೂ ನಾನು ಹಾಗೆ ದೇವರನ್ನು ಕೇಳಿರಲಿಲ್ಲ.

ಬೀದಿಯಲ್ಲಿ ದೀಪ ಹಚ್ಚಿ ಎಷ್ಟೋ ಹೊತ್ತಾಗಿತ್ತು. ನೀಲವ್ವ ನಾನು ಕೂರಿಸಿದ್ದ ಹೊಸ್ತಿಲಲ್ಲಿಯೇ ಇದ್ದಳು. ಊಟ ಮುಟ್ಟಿರಲಿಲ್ಲವಂತೆ, ಒಳಗೆ ಬಾ ಎಂದರೆ ಹೋಗಿರಲಿಲ್ಲವಂತೆ. ಧೂಳು ಹಿಡಿದ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿ ತೆರೆದು, "ವಚ್ಚಿನಾವಾ?" ಅಂದಳು.

ಬಂದೆಯಾ ಎಂದು. ತೆಲುಗಿನಲ್ಲಿ.

ನಾನು ಬೀದಿಯಲ್ಲೇ ಕೂತುಬಿಟ್ಟೆ. ನಾರಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಸಂತೋಷ, ನನಗೂ ಸಂತೋಷ. ಆದರೆ ನನ್ನ ಸಂತೋಷದೊಳಗೆ ಒಂದು ಮುಳ್ಳು ಇತ್ತು. ಆ ದಿನದಿಂದ ನೀಲವ್ವ ಒಂದೊಂದೇ ಮಾತು ಆಡತೊಡಗಿದಳು. ನೀಳ್ಳು, ಪಾಲು, ಕುಕ್ಕ: ನೀರು, ಹಾಲು, ನಾಯಿ. ಎಲ್ಲವೂ ಇಲ್ಲಿಯವು. ನಾನು ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ. ಅವಳ ತಾಯಿ ಕಲಿಸಿದ್ದ ಒಂದು ಶಬ್ದವೂ ತಿರುಗಿ ಬರಲಿಲ್ಲ. ನಾನು ರಾತ್ರಿಯೆಲ್ಲ ಕೂತು ರೊಟ್ಟಿ ಅನ್ನು, ಎಣ್ಣಿ ಅನ್ನು, ಅಪ್ಪಾ ಅನ್ನು ಎಂದು ಬೇಡಿಕೊಂಡರೆ ಸುಮ್ಮನೆ ನನ್ನ ತುಟಿ ನೋಡುತ್ತಿದ್ದಳು. ಮಗಳ ಮಾತು ತಿಳಿಯಲು ನಾನು ನಾರಾಯಣಮ್ಮನ ಹತ್ತಿರ ತೆಲುಗು ಹೇಳಿಸಿಕೊಳ್ಳಬೇಕಾಯಿತು. ಇಂಥ ಅಪ್ಪ ಇನ್ನೆಲ್ಲಿದ್ದಾನೆ ಹೇಳಿ.

ಸೀಗೆ ಹುಣ್ಣಿಮೆಯ ಹಿಂದಿನ ದಿನ ನಮ್ಮತ್ತೆ ಬಸವ್ವ ಬಂದಿಳಿದಳು. ರಾಯದುರ್ಗದ ದಾರಿಯ ಧೂಳು ಮೈಯೆಲ್ಲ, ಉಟ್ಟದ್ದು ನಮ್ಮೂರ ಸೀರೆ. ಈ ಊರಿನಲ್ಲಿ ಯಾರೂ ಉಡದ, ಕೆಂಪು ಸೆರಗಿನ ಇಳಕಲ್ ಸೀರೆ. ಜಗಲಿಯಲ್ಲಿ ಆಡುತ್ತಿದ್ದ ನೀಲವ್ವ ತಲೆ ಎತ್ತಿ ನೋಡಿದವಳೇ ಓಡಿದಳು. ಅವಳು ಓಡಿದ್ದನ್ನು ಈ ಊರಿಗೆ ಬಂದ ಮೇಲೆ ನಾನು ನೋಡಿರಲೇ ಇಲ್ಲ. ಆ ಸೆರಗನ್ನು ಎರಡೂ ಕೈಯಲ್ಲಿ ಬಾಚಿ ಮುಖಕ್ಕೆ ಒತ್ತಿಕೊಂಡು, "ಅವ್ವಾ" ಅಂದಳು.

ಕನ್ನಡದಲ್ಲಿ. ಆಮೇಲೆ ತಲೆ ಎತ್ತಿ ಮುದುಕಿಯ ಮುಖ ನೋಡಿದಳು. ಸೆರಗು ಬಿಡಲಿಲ್ಲ, ಆದರೆ ಕೈ ಸಡಿಲವಾಯಿತು.

ನಮ್ಮತ್ತೆ ಅವಳನ್ನು ಎದೆಗೆ ಅವಚಿಕೊಂಡಳು. "ನಿಮ್ಮವ್ವ ಊರಾಗ ಅದಾಳವ್ವಾ. ನನ್ನ ಕೂಡ ಬಾ, ಅವ್ವನ ಹಂತ್ಯಾಕ ಹೋಗೂಣು" ಅಂದಳು.

ತೆಲುಗಿನ ಕೂಸಿಗೆ ಈ ಕನ್ನಡ ಪೂರ್ತಿ ತಿಳಿಯಿತು. ಒಳಗೆ ಹೋಗಿ ತನ್ನ ಅಂಗಿಯನ್ನು ಎಳೆದು ತಂದಳು. ಅಜ್ಜಿಯ ಗಂಟಿನ ಪಕ್ಕ ಇಟ್ಟು, ಸೆರಗು ಹಿಡಿದು ಬಾಗಿಲಲ್ಲಿ ಕೂತಳು. ಊಟಕ್ಕೆ ಕರೆದರೆ ತಲೆ ಅಲ್ಲಾಡಿಸಿದಳು. ಹೊರಡುವ ಹೊತ್ತು ಯಾವಾಗ ಎಂದು ನನ್ನ ಮುಖ, ಅಜ್ಜಿಯ ಮುಖ ನೋಡುತ್ತಿದ್ದಳು.

"ನೋಡಿದೇನು?" ಅಂದಳು ನಮ್ಮತ್ತೆ. "ಕೂಸು ತಾನಾಗೇ ಬರ್ತೀನಿ ಅಂತೈತಿ. ಕೊಟ್ಟ ಮಾತು ನೆನಪೈತಿಲ್ಲೋ?"

ನೆನಪಿತ್ತು. ಕೂಸು ಈಗ ಮೂಕಲ್ಲ ಎನ್ನೋಣವೆಂದರೆ ಅದರ ತೆಲುಗು ಆಕೆಗೆ ತಿಳಿಯದು. ಆದರೆ ಇಳಕಲ್ಲಿಗೆ ಹೋಗಿ ಇಳಿದ ಮೇಲೆ ಈ ಕೂಸು ಒಂದೊಂದೇ ಕೋಣೆ ಹೊಕ್ಕು ಅವ್ವನನ್ನು ಹುಡುಕುವುದು ನನ್ನ ಕಣ್ಣಿಗೆ ಕಟ್ಟಿತು. ಆಗ ಏನು ಹೇಳುತ್ತಾರೆ? ಬ್ಯಾರೆ ಊರಿಗೆ ಹೋಗ್ಯಾಳ ಅಂತಲೇ? ನಮ್ಮತ್ತೆಗೆ ಎದುರು ಹೇಳಲು ನನ್ನ ಬಾಯಿ ಏಳಲಿಲ್ಲ. ಮಗಳನ್ನು ಕಳೆದುಕೊಂಡವಳು ಆಕೆ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ.

ಮರುದಿನ ಹುಣ್ಣಿಮೆ, ಪಾಠದ ದಿನ. ಮನೆಯಲ್ಲಿ ಹೆಂಗಸು ಬಂದಿದ್ದರಿಂದ ಅತ್ತೆಯನ್ನು ಒಳಗೆ ಕಳಿಸಿ ನಾನು ಜಗಲಿಯಲ್ಲಿ ಕೂತೆ. ಬೇರೆ ಪಾಠ ಮುಗಿದ ಮೇಲೆ ಶಿವಗಂಗಮ್ಮನವರು ಆಕೆಯನ್ನು ಹತ್ತಿರ ಕೂರಿಸಿಕೊಂಡು, "ಮಗು ಅಂಗಿ ಹಿಡ್ಕೊಂಡು ಕೂತೈತಂತೆ. ಅಲ್ಲಿಗೆ ಹೋದ್ಮೇಲೆ ತಾಯಿ ಎಲ್ಲಿ ಅಂದ್ರೆ ಏನು ಹೇಳ್ತೀರವ್ವಾ?" ಎಂದು ಕೇಳಿದರು. ನಮ್ಮತ್ತೆ ಜಗಳಗಂಟಿ, ನಿಮಗೆಲ್ಲ ಗೊತ್ತು. ಈಗ ಈ ಬಾಯಿಗೆ ಆ ಬಾಯಿ ಸಿಕ್ಕಿತು ಎಂದು ನಾನು ಕಿಟಕಿಯ ಹೊರಗೆ ಬಿಗಿಯಾಗಿ ಕೂತೆ.

ಬಂದದ್ದು ಜಗಳದ ದನಿಯಲ್ಲ.

"ಹಡದ ಮಗಳು ಸತ್ತಾಳಂತ ನಾನು ಇನ್ನೂ ಬಾಯಿ ಬಿಟ್ಟು ಅಂದಿಲ್ರೀ" ಅಂದಳು ನಮ್ಮತ್ತೆ. "ಈಗ ಅಂದೆ ನೋಡ್ರಿ, ನಿಮ್ಮ ಮುಂದ. ಕೂಸಿಗೆ ಹ್ಯಾಂಗ ಹೇಳ್ಲಿ? ಊರಿಗೆ ಹೋಗ್ಯಾಳ ಅಂತ ಅಕಿಗಷ್ಟ ಹೇಳಿದ್ದಲ್ರೀ. ನನಗ ನಾ ಹೇಳಿಕೊಂಡಿದ್ದು."

ಪಾಠ ಅಲ್ಲಿಗೇ ನಿಂತಿತು. ಕನ್ನಡ ಪೂರಾ ತಿಳಿಯದವರೂ ಅತ್ತರು. ನಾರಾಯಣಮ್ಮ ಬಂದು ನಮ್ಮತ್ತೆಯ ಕೈ ಹಿಡಿದುಕೊಂಡು ಕೂತಳು. ನಾನು ಹೊರಗೆ ಬೀದಿಯ ಕಡೆ ಮುಖ ತಿರುಗಿಸಿದೆ.

ಮನೆಗೆ ಬಂದೆವು. ನೀಲವ್ವ ಬಾಗಿಲಲ್ಲಿಯೇ ಇದ್ದಳು, ಅಂಗಿ ತೊಡೆಯ ಮೇಲೆ. ನಾನು ಅವಳ ಎದುರು ಕೂತೆ. ಹೇಳಬೇಕೆಂದು ಬಾಯಿ ತೆರೆದೆ. ನಮ್ಮ ಮಾತಿನಲ್ಲಿ ಆ ಶಬ್ದ ಆಡಲಾಗಲಿಲ್ಲ. ನಿಮ್ಮವ್ವ ಎಂದೆ, ನಿಂತೆ. ಮತ್ತೆ ನಿಮ್ಮವ್ವ ಎಂದೆ, ಮತ್ತೆ ನಿಂತೆ. ಕೂಸೇ ಕೇಳಿತು: "ಅಮ್ಮ ಏ ಊರಿಕಿ ಪೋಯಿಂದಿ?"

ಯಾವ ಊರಿಗೆ ಹೋದಳು ಅಮ್ಮ.

ಆಗ ನಾನು ತೆಲುಗಿನಲ್ಲಿ ಹೇಳಿದೆ. ಸತ್ತವರಿಗೆ ಹೇಳುವ ಮರ್ಯಾದೆಯ ಮಾತು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸಂತೆಯಲ್ಲಿ ಎತ್ತು ಸತ್ತರೆ, ಕುರಿ ಸತ್ತರೆ ಅನ್ನುವ ಶಬ್ದ. ಅದನ್ನೇ ಹೇಳಿದೆ. "ಅಮ್ಮ ಊರಿಕಿ ಪೋಲೇದು ತಲ್ಲೀ. ಅಮ್ಮ ಸಚ್ಚಿಪೋಯಿಂದಿ." ಅಮ್ಮ ಊರಿಗೆ ಹೋಗಿಲ್ಲ ತಾಯಿ, ಸತ್ತು ಹೋದಳು. ನನ್ನ ಗೌರಿಯ ಸಾವನ್ನು ಮೊದಲ ಸಲ ಬಾಯಲ್ಲಿ ಆಡಿದ್ದು ಹೀಗೆ, ದನದ ಸಾವಿನ ಮಾತಿನಲ್ಲಿ, ಅವಳಿಗೆ ಒಂದಕ್ಷರವೂ ತಿಳಿಯದಿದ್ದ ಭಾಷೆಯಲ್ಲಿ.

"ಮಳ್ಳಾ ರಾದಾ?" ಮತ್ತೆ ಬರೋದಿಲ್ಲವಾ?

"ರಾದು" ಅಂದೆ. ಬರೋದಿಲ್ಲ.

ಅವಳು ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ನಮ್ಮತ್ತೆಗೆ ತೆಲುಗು ಬರುವುದಿಲ್ಲ, ಆದರೂ ಹೌದು ಎಂದು ತಲೆ ಹಾಕಿದಳು. ಆಗ ಕೂಸಿನ ಮುಖ ಮುದುಡಿಕೊಂಡು ಅಳು ಬಂತು. ಹೊಲದ ಗುಡಿಸಲಿನಿಂದ ಕಟ್ಟಿಕೊಂಡಿದ್ದ ಅಳು. ನೆಲಕ್ಕೆ ಬಿದ್ದು ಹೊರಳಿದಳು, ನನ್ನ ಎದೆಗೆ ಗುದ್ದಿದಳು. ಆಮೇಲೆ ಕೈ ಚಾಚಿದಳು. ಎತ್ತಿಕೊಂಡೆ. ಅಜ್ಜಿಯೂ ಮೊಮ್ಮಗಳೂ ಹೊತ್ತು ಇಳಿಯುವ ತನಕ ಅತ್ತರು. ಬೀದಿಯವರು ಬಂದು ಬಾಗಿಲಲ್ಲಿ ನಿಂತು, ಸುಮ್ಮನೆ ತಿರುಗಿ ಹೋದರು. ಅತ್ತು ಮಲಗಿ ಎದ್ದ ಮೇಲೆ ನೀಲವ್ವ ನನ್ನ ಕೈಯಿಂದ ನಾಲ್ಕು ತುತ್ತು ಮುದ್ದೆ ನುಂಗಿದಳು.

ನಮ್ಮತ್ತೆ ದೀಪಾವಳಿಗೆ ಉಳಿಯಲಿಲ್ಲ, ಕೂಸನ್ನು ಕೊಡು ಎಂದೂ ಕೇಳಲಿಲ್ಲ. ಹೊರಡುವ ಬೆಳಿಗ್ಗೆ, ಕೂಸು ಮಲಗಿರುವಾಗಲೇ ಹೋಗಿಬಿಡಲೇ ಎಂದು ನನ್ನ ಮುಖ ನೋಡಿದಳು. ತಾನೇ ಬೇಡವೆಂದು ತಲೆ ಅಲ್ಲಾಡಿಸಿ ಕೂಸನ್ನು ಎಬ್ಬಿಸಿದಳು. "ಇಳಕಲ್ಲಿಗೆ ಹೋಗ್ತೀನವ್ವಾ. ಯುಗಾದಿ ಮುಂದ ಬರ್ತೀನಿ" ಅಂದಳು. ನೀಲವ್ವ ಊರು ಒಂದಾಗುವ ಹಾಗೆ ಅತ್ತಳು. ಚಕ್ಕಡಿ ಬಂಡೆಗಳ ತಿರುವಿನಲ್ಲಿ ಮರೆಯಾಗುವವರೆಗೂ ಅಳುತ್ತಲೇ ಇದ್ದಳು. ನಾನು ಕಾಗೆ ತೋರಿಸಲಿಲ್ಲ.

ಇದನ್ನು ಗೆಲುವು ಅನ್ನುತ್ತೀರೋ ಏನೋ, ನನಗೆ ತಿಳಿಯದು. ಈಗ ಅವಳು ರಾತ್ರಿ ಎದ್ದು ಅಳುತ್ತಾಳೆ. ನಾನು ಸರಿ ಮಾಡಿದೆನೋ ಇಲ್ಲವೋ ಎಂದು ಕೇಳಲು ಅವಳ ತಾಯಿಯಿಲ್ಲ. ಇಲ್ಲಿಯವನಾದೆನೇ ಎಂದರೆ, ಮುದ್ದೆ ನುಂಗುತ್ತೇನೆ, ಪಾಳಿ ಮಾಡುತ್ತೇನೆ, ಮೀಸಾಲ ಅಮ್ಮ ಎಂದರೆ ಓ ಅನ್ನುತ್ತೇನೆ. ಇಲ್ಲಿ ಎಲ್ಲರಿಗೂ ನನ್ನ ಹೆಂಡತಿ ಸತ್ತವಳು. ಅವಳನ್ನು ಬದುಕಿದ್ದಾಗ ಕಂಡವರು ಇಲ್ಲಿ ಯಾರೂ ಇಲ್ಲ. ಕಂಡವರೆಲ್ಲ ಅಲ್ಲಿದ್ದೀರಿ.

ನಾವು ಒಂದು ದಿನ ಬರುತ್ತೇವೆ. ಬಂದಾಗ ನಿಮಗೆ ಕೈ ಮುಗಿದು ಕೇಳುವುದು ಇಷ್ಟೇ. ನೀಲವ್ವನಿಗೆ ಯಾರೂ ಊರಿಗೆ ಹೋಗ್ಯಾಳ ಅನ್ನಬೇಡಿ. ಮುದ್ದಿಗೂ ಅನ್ನಬೇಡಿ, ಕನಿಕರಕ್ಕೂ ಅನ್ನಬೇಡಿ. ಅವಳಿಗೆ ಗೊತ್ತಿದೆ. ಆದರೆ ಅವಳು ಮಲಗಿದ ಮೇಲೆ, ಕಟ್ಟೆಯ ಮೇಲೆ ಕೂತಾಗ, ನಿಮ್ಮಲ್ಲಿ ಯಾರಾದರೊಬ್ಬರು ನನಗೆ ಹಾಗೆ ಹೇಳಿ. ಊರಿಗೆ ಹೋಗ್ಯಾಳೋ ಸಂಗಪ್ಪ, ಬರ್ತಾಳ ಅಂತ. ನಮ್ಮ ಮಾತಿನಲ್ಲಿ ಅದನ್ನು ಕೇಳಬೇಕು ನನಗೆ. ಯಾವ ಊರಿಗೆ ಎಂದು ನಾನು ಕೇಳುವುದಿಲ್ಲ.